ಒಗೆಯದ ಅಂಗಿ

ಲಾಂಡ್ರಿಯ ಹಿಂಬಾಗಿಲಿನಿಂದ ಒಳಗೆ ಬರುವ ಬಟ್ಟೆಯೆಲ್ಲ ಮೊದಲು ಬಂದು ಬೀಳುತ್ತಿದ್ದದ್ದು ಅವಳ ಮೇಜಿನ ಮೇಲೆ. ಜೇಬು ತಿರುವಿ ಹಾಕುವುದು, ಕಾಲರು ಬಿಡಿಸಿ ನೋಡುವುದು, ಕಲೆ ಕಂಡಲ್ಲಿ ಬಗ್ಗಿ ಮೂಸುವುದು ಅವಳ ಕೆಲಸ. ಕಣ್ಣಿಗಿಂತ ಮೂಗನ್ನೇ ಅವಳು ಹೆಚ್ಚು ನಂಬುತ್ತಿದ್ದಳು. ಇದು ಎಣ್ಣೆ, ಇದು ಬೆವರು, ಇದು ಯಾರೋ ಕಾಯಿಲೆಯವರು ಬಹಳ ದಿನ ಮಲಗಿದ್ದ ಹಾಸಿಗೆಯ ಬಟ್ಟೆ ಎಂದು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದಳು. ಎಣ್ಣೆಯದು ಬಿಸಿನೀರಿನ ತೊಟ್ಟಿಗೆ, ರಕ್ತದ್ದು, ಹಾಲಿನದು ತಣ್ಣೀರಿನ ತೊಟ್ಟಿಗೆ. ತಪ್ಪಿ ಬಿಸಿನೀರಿಗೆ ಬಿದ್ದರೆ ರಕ್ತದ ಕಲೆ ನೂಲಿನೊಳಗೆ ಕೂತು ಜನ್ಮಕ್ಕೂ ಏಳುವುದಿಲ್ಲ. ಅವಳ ಕೈಯಿಂದ ಅಂಥ ತಪ್ಪು ಆದದ್ದು ಯಾರಿಗೂ ನೆನಪಿಲ್ಲ.

ಕೊಳೆ ಮುಟ್ಟಿ ಮುಟ್ಟಿ ಅಭ್ಯಾಸವಾಗಿಬಿಡುತ್ತದೆ ಎಂದು ಜನ ತಿಳಿಯುತ್ತಾರೆ. ಅವಳಿಗೆ ಆಗಲಿಲ್ಲ. ವರ್ಷ ಕಳೆದಷ್ಟೂ ಮೂಗು ಚುರುಕಾಯಿತು, ಹೇಸಿಗೆ ಹೆಚ್ಚಾಯಿತು. ಕೆಲಸ ಮುಗಿದ ಮೇಲೆ ಮೊಣಕೈವರೆಗೆ ಹಳದಿ ಸೋಪು ಹಚ್ಚಿ ಉಜ್ಜುತ್ತಿದ್ದಳು. ಲಾಂಡ್ರಿಗೆಂದೇ ಬರುತ್ತಿದ್ದ, ಇಟ್ಟಿಗೆಯಷ್ಟು ದಪ್ಪದ, ಗಡುಸು ಸೋಪು ಅದು. ಅಂಗಡಿಯಲ್ಲಿ ಸಿಗುವ ಸುವಾಸನೆಯ ಸೋಪುಗಳು ಕೊಳೆಯನ್ನು ತೆಗೆಯುವುದಿಲ್ಲ, ಬರೀ ಮುಚ್ಚಿಡುತ್ತವೆ ಎನ್ನುವುದು ಅವಳ ಅಭಿಪ್ರಾಯ. ತೊಟ್ಟಿಯಲ್ಲಿ ಒಗೆಯುವ ಹೆಂಗಸರು ಅವಳಿಗೆ ಶುದ್ಧಮ್ಮ ಎಂದು ಹೆಸರಿಟ್ಟಿದ್ದರು. “ಶುದ್ಧಮ್ಮ ಬಂದ್ಲು, ಕೈ ಒರೆಸ್ಕೊಳ್ರೇ,” ಎಂದು ನಗುತ್ತಿದ್ದರು. ಅವಳು ನಗುತ್ತಿರಲಿಲ್ಲ, ಸಿಟ್ಟಾಗುತ್ತಲೂ ಇರಲಿಲ್ಲ.

ಗಂಡ ಅದೇ ಲಾಂಡ್ರಿಯ ಮುಂದಿನ ಕೋಣೆಯಲ್ಲಿ ಇಸ್ತ್ರಿ ಮಾಡುವವನು. ಅವಳ ಮೇಜಿನಿಂದ ಹೊರಟದ್ದು ಒಗೆದು, ಒಣಗಿ, ಬಿಳಿಯಾಗಿ ಅವನ ಕೈ ಸೇರುತ್ತಿತ್ತು. ಲೋಕದಲ್ಲಿ ಇಷ್ಟು ಹೊಲಸಿದೆ ಎಂದು ಅವನಿಗೆ ಗೊತ್ತೇ ಇರಲಿಲ್ಲವೋ ಏನೋ. ಅವನ ಮೈಯಲ್ಲಿ ಯಾವಾಗಲೂ ಬಿಸಿ ಹತ್ತಿಬಟ್ಟೆಯ ವಾಸನೆ ಇರುತ್ತಿತ್ತು. ಮದುವೆಗೆ ಯಾಕೆ ಒಪ್ಪಿದೆ ಎಂದು ಯಾರಾದರೂ ಕೇಳಿದ್ದರೆ ಅವಳಿಗೆ ಬೇರೆ ಕಾರಣ ತಟ್ಟನೆ ಹೊಳೆಯುತ್ತಿರಲಿಲ್ಲ.

ಮಗು ಹುಟ್ಟಿ ಮನೆಗೆ ಬಂದ ಮೇಲೆ ಅವಳ ಮೂಗಿಗೆ ಮೊದಲು ಬಿದ್ದದ್ದು ತನ್ನದೇ ಮೈಯ ವಾಸನೆ. ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಯ ಮನೆ. ಕೆಳಗಿನ ಟೈರಿನ ವಾಸನೆ, ಗ್ರೀಸಿನ ವಾಸನೆ ಎಲ್ಲವೂ ಮೇಲೆ ಬರುತ್ತಿದ್ದವು. ಅವೆಲ್ಲವನ್ನೂ ಮೀರಿ ಈ ವಾಸನೆ ಎದ್ದಿತು. ಎದೆಯಿಂದ ಹಾಲು ತಾನಾಗಿಯೇ ಜಿನುಗಿ ಅಂಗಿಯನ್ನು ತೋಯಿಸುತ್ತಿತ್ತು. ತೋಯ್ದದ್ದು ಒಣಗಿ ಬಟ್ಟೆ ರಟ್ಟಿನಂತೆ ಸೆಟೆದುಕೊಳ್ಳುತ್ತಿತ್ತು. ಸೆಟೆದ ಕಡೆಯಿಂದ ಹುಳಿ ನಾತ. ಯಾರದೋ ಬಟ್ಟೆಯಾಗಿದ್ದರೆ ಎರಡು ಬೆರಳಲ್ಲಿ ಎತ್ತಿ ತಣ್ಣೀರಿಗೆ ಎಸೆದು ಮುಂದಿನದಕ್ಕೆ ಕೈ ಹಾಕಬಹುದಿತ್ತು. ಇದು ಮೈ. ಎತ್ತಿ ಎಸೆಯುವುದೆಲ್ಲಿಗೆ?

ಬಾಣಂತಿಯನ್ನು ನೋಡಿಕೊಳ್ಳಲು ಗಂಡನ ತಾಯಿ ಬಂದಿದ್ದರು. ಜೀವಮಾನವೆಲ್ಲ ಮಾರುಕಟ್ಟೆಯಲ್ಲಿ ತರಕಾರಿ ಮಾರಿದ ಹೆಂಗಸು. ಬಂದವರೇ ಸೊಸೆಯ ಎದೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಬಾಗಿಲಲ್ಲಿ ಮಗ ನಿಂತಿದ್ದಾನೆ, ಕಿಟಕಿ ತೆರೆದಿದೆ ಎನ್ನುವುದು ಅವರ ಗಮನಕ್ಕೇ ಬರಲಿಲ್ಲ.

“ಹಾಲಿದೆ ಕಣೋ, ಬೇಕಾದಷ್ಟಿದೆ. ಕುಡಿಸೋಕೆ ಬರಲ್ಲ ಇವಳಿಗೆ,” ಎಂದು ಮಗನಿಗೆ ವರದಿ ಒಪ್ಪಿಸಿದರು.

“ಅಮ್ಮ, ಬಿಡು. ಅದೇನು ಬದನೆಕಾಯಾ?”

“ಬದನೆಕಾಯಾಗಿದ್ರೆ ಇಷ್ಟು ಹೊತ್ತಿಗೆ ಮಾರಿ ಮುಗಿಸ್ತಿದ್ದೆ.”

ಅವಳು ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಅತ್ತೆಯ ಬೆರಳಿನ ಬೆಚ್ಚನೆಯ ಒದ್ದೆ ಚರ್ಮದ ಮೇಲೆ ಉಳಿದುಕೊಂಡ ಹಾಗಿತ್ತು. ಅವರು ಅಡುಗೆಮನೆಗೆ ಹೋದದ್ದೇ ಎದ್ದು ಬಚ್ಚಲಿಗೆ ಹೋಗಿ ಆ ಜಾಗವನ್ನು ತೊಳೆದುಕೊಂಡಳು.

ಕುಡಿಸಲು ಬರುವುದಿಲ್ಲ ಎನ್ನುವುದು ನಿಜವೇ ಆಗಿತ್ತು. ಮಗುವನ್ನು ಎದೆಗೆ ಹಿಡಿದರೆ ಅದು ಬಾಯಿ ತೆರೆದು ಹತ್ತಿರ ಬಂದು, ಇನ್ನೇನು ಹಿಡಿಯಿತು ಎನ್ನುವಷ್ಟರಲ್ಲಿ ಮೂಗು ಸುಕ್ಕು ಮಾಡಿ ತಲೆಯನ್ನು ಆಚೆಗೆ ತಿರುಗಿಸಿಬಿಡುತ್ತಿತ್ತು. ಮತ್ತೆ ಹಿಡಿದರೆ ಮತ್ತೆ ಹಾಗೇ. ಹಸಿವು ತಡೆಯಲಾರದೆ ಹಿಡಿದಾಗಲೂ ತುದಿಯನ್ನಷ್ಟೇ ಒಸಡಿನಲ್ಲಿ ಕಚ್ಚಿ ಜಗ್ಗುತ್ತಿತ್ತು. ನೋವು ನೆತ್ತಿಗೆ ಏರುತ್ತಿತ್ತು. ಎರಡು ಗುಟುಕಿಗೆ ಬಿಟ್ಟು ಕಿರುಚುತ್ತಿತ್ತು.

ಆ ಸುಕ್ಕು ಮಾಡುವ ಮೂಗು, ಆ ತಿರುಗಿಸುವ ತಲೆ ಅವಳಿಗೆ ಚೆನ್ನಾಗಿ ಗೊತ್ತಿದ್ದವು. ಮೇಜಿನ ಮೇಲೆ ಗಬ್ಬೆದ್ದ ಬಟ್ಟೆ ಬಿದ್ದಾಗ ಅವಳೇ ಮಾಡುತ್ತಿದ್ದದ್ದು ಅದು. ಮಗು ತನ್ನನ್ನು ಕಂಡು ಹೇಸುತ್ತಿದೆ. ಅವಳಿಗೆ ಆದ ತಿಳಿವಳಿಕೆ ಇಷ್ಟು. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ನಕ್ಕುಬಿಡುತ್ತಿದ್ದರು, ಅಥವಾ ಹೌದೆನ್ನುತ್ತಿದ್ದರು. ಎರಡನೆಯದಕ್ಕೆ ಅವಳು ಹೆಚ್ಚು ಹೆದರಿದ್ದಳು.

“ರೀ, ಬರ್ತಾ ನಮ್ಮ ಸೋಪು ಒಂದು ತನ್ನಿ,” ಎಂದು ಗಂಡನಿಗೆ ಹೇಳಿದಳು.

“ಹಳದಿದಾ? ಅದರಲ್ಲಿ ಹೋಟೆಲಿನ ಜಮಖಾನ ಒಗೀತಾರೆ ಕಣೇ.”

“ಗೊತ್ತು. ತನ್ನಿ.”

ಅವನು ತಂದುಕೊಟ್ಟ. ಹೆಂಡತಿ ಕೇಳಿದ್ದನ್ನು ತರುವುದರಲ್ಲಿ ಅವನದು ಎತ್ತಿದ ಕೈ. ಯಾಕೆಂದು ಕೇಳುವುದರಲ್ಲಿ ಅಷ್ಟಿಲ್ಲ. ಅವತ್ತಿನಿಂದ ಪ್ರತಿ ಸಲ ಕುಡಿಸುವ ಮೊದಲು ಅವಳು ಬಚ್ಚಲಿಗೆ ಹೋಗಿ ಬಟ್ಟೆಗೆ ಸೋಪು ಹಚ್ಚಿ ಎದೆಯನ್ನು ಉಜ್ಜಿ ತೊಳೆದಳು. ಕುಡಿಸಿದ ಮೇಲೆ ಮಗುವಿನ ಎಂಜಲನ್ನು ಉಜ್ಜಿ ತೊಳೆದಳು. ಹೊರಗೆ ಮಗು ಅತ್ತು ಅತ್ತು ಕೆಂಪಾಗುತ್ತಿದ್ದರೂ ತೊಳೆಯುವುದು ಮುಗಿಯದೆ ಬಾಗಿಲು ತೆರೆಯುತ್ತಿರಲಿಲ್ಲ. ಲಾಂಡ್ರಿಯಲ್ಲಿ ಹಾಗೇ. ಒಗೆಯದ ಬಟ್ಟೆ ಗಿರಾಕಿಯ ಕೈಗೆ ಹೋಗಬಾರದು, ಗಿರಾಕಿ ಬಾಗಿಲಲ್ಲಿ ನಿಂತು ಎಷ್ಟೇ ಕೂಗಾಡಲಿ.

ಚರ್ಮ ಒಣಗಿತು. ಆಮೇಲೆ ಬಿರಿಯಿತು. ತೊಟ್ಟಿನ ಬುಡದಲ್ಲಿ ಕೂದಲೆಳೆಯಂಥ ಗೆರೆಗಳೆದ್ದು, ಮಗು ಜಗ್ಗಿದಾಗ ಬಾಯಿ ಬಿಟ್ಟುಕೊಂಡು ರಕ್ತ ಒಸರಿದವು. ಗೆರೆಯ ಅಂಚಿನಲ್ಲಿ ಹಕ್ಕಳೆ ಕಟ್ಟುತ್ತಿತ್ತು. ಅಂಗಿ ಅದಕ್ಕೆ ಅಂಟಿಕೊಳ್ಳುತ್ತಿತ್ತು. ಬಿಡಿಸಿದಾಗ ಹಕ್ಕಳೆ ಅಂಗಿಯ ಜೊತೆಗೇ ಬರುತ್ತಿತ್ತು. ಒಂದು ಸಂಜೆ ಮಗು ಕುಡಿದದ್ದನ್ನೆಲ್ಲ ಅತ್ತೆಯ ಹೆಗಲ ಮೇಲೆ ಕಕ್ಕಿತು. ಒಡೆದ ಹಾಲಿನ ನಡುವೆ ಗುಲಾಬಿ ಎಳೆಗಳು ಇದ್ದವು.

ಅತ್ತೆ ಹೆಗಲನ್ನು ನೋಡಿಕೊಂಡರು. ಮಗುವನ್ನು ನೋಡಿದರು. “ಇದೇನಮ್ಮ ಇದು? ಹಾಲೇ ಕೆಟ್ಟಿದೆ ನಿಂದು. ಪಾಪದ ಕೂಸು, ಕುಡಿಯಲ್ಲ ಅಂತ ಅದು ಹೇಳ್ತಾನೇ ಇತ್ತು.”

ಅವಳು ಬಗ್ಗಿ ಆ ಕಲೆಯನ್ನು ಮೂಸಿದಳು. ಕಬ್ಬಿಣದ ವಾಸನೆ. “ರಕ್ತ. ನಂದೇ,” ಎಂದಳು. “ಆ ಬಟ್ಟೆ ಬಿಚ್ಚಿಕೊಡಿ, ಬಿಸಿನೀರಿಗೆ ಹಾಕಬೇಡಿ.” ಒಗೆದು ಹಿಂಡುವಾಗ ಎರಡು ಸಲ ಓಕರಿಕೆ ಬಂತು. ತನ್ನ ಮೈಯೊಳಗಿನದನ್ನು ಮಗು ಕುಡಿಯುತ್ತಿದೆ, ಕುಡಿದು ಹೊರಹಾಕುತ್ತಿದೆ.

ಆರೋಗ್ಯ ಕೇಂದ್ರದ ಸಿಸ್ಟರ್ ಮಗುವನ್ನು ತಕ್ಕಡಿಯ ತಟ್ಟೆಯಲ್ಲಿ ಮಲಗಿಸಿ ಮುಳ್ಳು ನಿಲ್ಲುವವರೆಗೆ ಕಾದರು. ಹುಟ್ಟಿದಾಗಿನ ತೂಕಕ್ಕಿಂತ ಇಳಿದಿತ್ತು. ಮೊದಮೊದಲು ಇಳಿಯುವುದು ಸಹಜ, ಆದರೆ ಇಷ್ಟು ದಿನಕ್ಕೆ ಏರಬೇಕಿತ್ತು ಎಂದರು. ಎದೆಯನ್ನು ನೋಡಿದರು. ಮಗುವನ್ನು ಹೇಗೆ ಹಿಡಿಯಬೇಕು, ತುದಿಯನ್ನಷ್ಟೇ ಅಲ್ಲ, ಸುತ್ತಲಿನ ಕಪ್ಪು ಭಾಗವೆಲ್ಲ ಬಾಯೊಳಗೆ ಹೋಗುವ ಹಾಗೆ ಹೇಗೆ ಕೊಡಬೇಕು ಎಂದು ತೋರಿಸಿದರು. ಅವರ ಕೈ ಒರಟಾಗಿರಲಿಲ್ಲ. ಹೊರಗೆ ಉದ್ದ ಸಾಲು ಇತ್ತು.

“ರಕ್ತ ಹೋದ್ರೆ ಮಗುವಿಗೆ ಏನೂ ಆಗಲ್ಲ, ಹೆದರಬೇಡಿ. ಶುಚಿಯಾಗಿ ಇಟ್ಕೊಳ್ಳಿ ಅಷ್ಟೇ. ಮುಂದಿನ ಸಲ ಬರೋ ಹೊತ್ತಿಗೂ ತೂಕ ಏರದೇ ಇದ್ರೆ ಡಬ್ಬಿ ಹಾಲು ಶುರು ಮಾಡೋಣ.”

ಶುಚಿಯಾಗಿ ಎಂದರೆ ಆ ಸಿಸ್ಟರ್‌ಗೆ ದಿನಕ್ಕೊಂದು ಸ್ನಾನ, ಒಂದು ಒಗೆದ ಅಂಗಿ. ಎಲ್ಲರಿಗೂ ಅಷ್ಟೇ. ಅವಳು ಮನೆಗೆ ಬಂದು ಸೋಪಿನ ಜೊತೆಗೆ ಬಿಸಿನೀರನ್ನೂ ಇಟ್ಟುಕೊಂಡಳು.

ಡಬ್ಬಿಯನ್ನು ಅತ್ತೆ ಆವತ್ತೇ ತರಿಸಿದರು. ಅದರ ಮೇಲೆ ಗುಂಡುಗುಂಡಾದ ಮಗುವಿನ ಚಿತ್ರ. ಅವಳು ಮುಚ್ಚಳ ತೆಗೆದು ಮೂಸಿದಳು. ಬೀರುವಿನ ವಾಸನೆ, ಕಾಗದದ ವಾಸನೆ. ಯಾವ ಪ್ರಾಣಿಯ ಮೈಯೂ ಅದರಲ್ಲಿ ಇರಲಿಲ್ಲ. ಎಷ್ಟು ಹಗುರ, ಎಷ್ಟು ಬಿಳಿ. ಒಂದು ಚಮಚ ಕದಡಿ ಕೊಟ್ಟುಬಿಟ್ಟರೆ ಮಗು ಕುಡಿಯುತ್ತದೆ, ಅವಳ ಎದೆ ಒಣಗುತ್ತದೆ, ಅಂಗಿ ಒಣಗುತ್ತದೆ, ಎಲ್ಲರೂ ಶುದ್ಧ. ಅವಳಿಗೆ ಆಸೆಯಾಯಿತು. ಆದರೆ ಮಗು ಬೇಡವೆಂದದ್ದು ಹಾಲನ್ನಲ್ಲ, ತನ್ನನ್ನು. ಡಬ್ಬಿ ಹಾಲು ಒಮ್ಮೆ ಕೊಟ್ಟರೆ ಅದು ಇತ್ಯರ್ಥವಾದ ಹಾಗೆ. ಬೆಳೆದು ದೊಡ್ಡದಾಗಿ ಬೇರೆ ಯಾವುದಕ್ಕೆ ಅದು ತನ್ನ ಹತ್ತಿರ ಬಂದೀತು? ಮುಚ್ಚಳ ಒತ್ತಿ ಡಬ್ಬಿಯನ್ನು ಮೇಲಿನ ಹಲಗೆಯಲ್ಲಿಟ್ಟಳು.

“ಹಟ,” ಎಂದರು ಅತ್ತೆ.

“ಇನ್ನೊಂದು ವಾರ ನೋಡ್ತೀನಿ, ಅತ್ತೆ.”

“ನೀನು ನೋಡ್ತೀಯಮ್ಮ. ಅದಕ್ಕೆ ಹೊಟ್ಟೆ ಇದೆ.”

ಅತ್ತೆ ಹೇಳಿದ್ದು ಸರಿಯೇ ಎಂದು ಅವಳಿಗೂ ಗೊತ್ತಿತ್ತು. ಮಗುವಿನ ತೊಡೆಯ ಚರ್ಮ ದೊಗಳೆಯಾಗಿತ್ತು, ಒಗೆದೂ ಒಗೆದೂ ಹಿಗ್ಗಿದ ಕಾಲುಚೀಲದ ಹಾಗೆ.

ಆ ದಿನಗಳಲ್ಲಿ ಮನೆಯಲ್ಲಿ ಅವಳಿಗೆ ಅಸಹ್ಯವಾಗದ ವಸ್ತುವೇ ಇರಲಿಲ್ಲ. ಅತ್ತೆ ಉಗುರಿನಿಂದ ಹಲ್ಲು ಕೆರೆದು ಅದೇ ಕೈಯಲ್ಲಿ ಮಗುವಿನ ತುಟಿ ಮುಟ್ಟುವುದು. ಗಂಡ ಚಪ್ಪಲಿ ಬಿಚ್ಚಿದ ಪಾದದಲ್ಲಿ ಹಾಸಿಗೆಯವರೆಗೆ ಬರುವುದು. ನೋಡಲು ಬಂದವರು ಮಗುವಿಗಿಂತ ಮೊದಲು ಅವಳ ಅಂಗಿಯ ಒದ್ದೆಯನ್ನು ನೋಡಿ, ನೋಡದವರಂತೆ ಕಣ್ಣು ಹೊರಳಿಸುವುದು. ಎಲ್ಲದಕ್ಕಿಂತ ಹೆಚ್ಚಾಗಿ ಗಡಸಾಗಿ ಉಬ್ಬಿ ಹೊಳೆಯುವ ಎದೆ. ಅದರ ಮೇಲೆ ಎದ್ದ ನೀಲಿ ನರಗಳು. ಕನ್ನಡಿಯ ಮುಂದೆ ಅಂಗಿ ಬದಲಾಯಿಸುವುದನ್ನು ಅವಳು ನಿಲ್ಲಿಸಿದ್ದಳು.

ಒಂದು ಮಧ್ಯಾಹ್ನ ಅತ್ತೆ ಮಾರುಕಟ್ಟೆಯ ಹಳೇ ಗೆಳತಿಯನ್ನು ನೋಡಿ ಬರುತ್ತೇನೆಂದು ಹೋಗಿದ್ದರು. ಮಗು ಎಚ್ಚರವಾಗಿ ಕೊರಗತೊಡಗಿತ್ತು. ಅವಳು ತೋಯ್ದ ಅಂಗಿ ಬಿಚ್ಚಿ ಹಾಸಿಗೆಯ ಮೂಲೆಗೆ ಎಸೆದಳು. ಒಗೆದದ್ದು ಯಾವುದೂ ಒಣಗಿರದೆ ಅದು ಹಿಂದಿನ ದಿನದಿಂದ ಮೈಮೇಲಿದ್ದದ್ದು. ಒಣಗಿ, ಮತ್ತೆ ತೋಯ್ದು, ಮತ್ತೆ ಒಣಗಿ, ಮೊಸರು ಕೊಳೆತಂಥ ನಾತ ಹೊಡೆಯುತ್ತಿತ್ತು. ಆಗಷ್ಟೇ ಒಣಗಿದ ಬೇರೊಂದು ಅಂಗಿ ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋಗಿ, ಬಟ್ಟೆಗೆ ಸೋಪು ಉಜ್ಜುತ್ತಿರುವಾಗ ಮಗುವಿನ ಅಳು ನಿಂತಿತು.

ಅಳು ನಿಂತರೆ ಹೆದರಿಕೆ. ಸೋಪಿನ ಕೈಯಲ್ಲೇ ಓಡಿ ಬಂದಳು.

ಮಗು ಬಿಟ್ಟ ಜಾಗದಲ್ಲಿ ಇರಲಿಲ್ಲ. ಹೊರಳಲೂ ಬಾರದ ಕೂಸು ಕಾಲನ್ನು ಹಾಸಿಗೆಗೆ ಒದ್ದುಕೊಂಡು, ತಲೆಯನ್ನು ಅತ್ತ ಇತ್ತ ಆಡಿಸುತ್ತ, ಹೇಗೋ ಒಂದು ಗೇಣು ಮೇಲಕ್ಕೆ ತೆವಳಿತ್ತು. ಬಿಸಾಡಿದ ಅಂಗಿ ಅದರ ಕೆನ್ನೆಗೆ ಸಿಕ್ಕಿತ್ತು. ಆ ಅಂಗಿಯಲ್ಲಿ ಎಲ್ಲಕ್ಕಿಂತ ಹೊಲಸಾದ ಭಾಗವನ್ನು, ಹಾಲು ಹೆಪ್ಪುಗಟ್ಟಿ ಹಳದಿಯಾದ ಆ ಗಟ್ಟಿ ವೃತ್ತವನ್ನು, ಮಗು ಬಾಯ್ತುಂಬ ತುಂಬಿಕೊಂಡು ಚೀಪುತ್ತಿತ್ತು. ಕಣ್ಣು ಮುಚ್ಚಿತ್ತು. ಮೂಗು ಸುಕ್ಕಾಗಿರಲಿಲ್ಲ.

ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ಬಟ್ಟೆಯನ್ನು ಬಾಯಿಂದ ಎಳೆದಳು. ಮಗು ಬಿಡಲಿಲ್ಲ. ಕೊನೆಗೂ ಬಿಟ್ಟು, ಮುಖವೆಲ್ಲ ಬಾಯಾಗಿ ಅತ್ತಿತು. ಅವಳು ಬಲಗೈಯನ್ನು ಅದರ ಕೆನ್ನೆಯ ಹತ್ತಿರ ತಂದಳು. ಸೋಪಿನ ಕೈ. ಮಗು ಮೂಗು ಸುಕ್ಕು ಮಾಡಿ ತಲೆಯನ್ನು ಆಚೆಗೆ ತಿರುಗಿಸಿತು.

ಎಷ್ಟೋ ವರ್ಷ ಬಟ್ಟೆ ಮೂಸಿದವಳಿಗೆ ಮುಂದಿನದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಂಗಿಯನ್ನು ಈ ಕಡೆ ಇಟ್ಟಳು, ಮಗು ಈ ಕಡೆ ತಿರುಗಿತು. ಆ ಕಡೆ ಇಟ್ಟಳು, ಆ ಕಡೆ ತಿರುಗಿತು. ಸೋಪಿನ ಬಟ್ಟೆ ತಂದಳು, ಅತ್ತಿತು. ಇದು ಮೂಗಿನಿಂದ ಹುಡುಕುವ ಪ್ರಾಣಿ. ತನ್ನ ಹಾಗೆಯೇ. ಅದಕ್ಕೆ ಬೇಕಾದದ್ದು ಈ ನಾತ. ಪ್ರತಿ ಸಲವೂ ತಾನು ಅದನ್ನು ಉಜ್ಜಿ ತೆಗೆದು, ಆ ಜಾಗದಲ್ಲಿ ಜಮಖಾನ ಒಗೆಯುವ ಸೋಪಿನ ವಾಸನೆ ಇಟ್ಟು, ಕುಡಿ ಎಂದು ಅದರ ಮುಂದೆ ಹಿಡಿದಿದ್ದಳು.

ಅವಳಿಗೆ ಸಂತೋಷವೇನೂ ಆಗಲಿಲ್ಲ. ತನಗೆ ಹುಟ್ಟಿದ್ದು ಇಂಥದ್ದನ್ನು ಇಷ್ಟಪಡುತ್ತದೆಯಲ್ಲ ಎಂದು ಮೈ ಜುಮ್ಮೆಂದಿತು. ಬಚ್ಚಲಿಗೆ ಹೋಗಿ ಬರೀ ನೀರಿನಲ್ಲಿ ಕೈಯನ್ನು, ಎದೆಯನ್ನು ಮತ್ತೆ ಮತ್ತೆ ತೊಳೆದು ಸೋಪಿನ ವಾಸನೆ ಹೋಗಲಾಡಿಸಿದಳು. ವಾಪಸು ಬಂದು, ಹಲ್ಲು ಕಚ್ಚಿ, ಆ ಒಗೆಯದ ಅಂಗಿಯನ್ನೇ ಎತ್ತಿ ಹೆಗಲಿಗೆ ಹಾಕಿಕೊಂಡಳು. ತಣ್ಣಗೆ, ಅಂಟಂಟಾಗಿ ಅದು ಚರ್ಮವನ್ನು ಮುಟ್ಟಿತು. ಸಿಸ್ಟರ್ ತೋರಿಸಿದ ಹಾಗೆ ಮಗುವಿನ ಕತ್ತಿನ ಹಿಂದೆ ಕೈಕೊಟ್ಟು ಎತ್ತಿಕೊಂಡಳು. ಮಗು ಮೂಸಿತು. ಬಾಯಿಯನ್ನು ಅವಳು ಇದುವರೆಗೆ ಕಾಣದಷ್ಟು ದೊಡ್ಡದಾಗಿ ತೆರೆಯಿತು.

ನೋವು ಹಾಗೇ ಇತ್ತು. ಗಾಯಕ್ಕೆ ಇದಾವುದೂ ತಿಳಿಯುವುದಿಲ್ಲವಲ್ಲ. ಕಾಲ್ಬೆರಳು ಮಡಿಸಿಕೊಂಡು, ಕೆಳಗೆ ಯಾರೋ ಚಕ್ರದ ಕಡ್ಡಿಗಳನ್ನು ಬಿಗಿಯುವ ಸದ್ದನ್ನು ಕೇಳುತ್ತ ಕುಳಿತಳು. ಎದೆಯೊಳಗೆ ಏನೋ ಸಡಿಲವಾಗಿ ಇಳಿಯತೊಡಗಿತು. ಮಗುವಿನ ಗಂಟಲಲ್ಲಿ ಗುಟುಕಿನ ಸದ್ದು ಕೇಳಿಸಿತು. ಅದು ಬಾಯಿಗೆ ಹಿಡಿದದ್ದನ್ನು ಬಿಡಲಿಲ್ಲ.

ಸಂಜೆ ಗಂಡ ಬಂದಾಗ ಹೇಳಿದಳು. “ರೀ, ಇನ್ಮೇಲೆ ಸೋಪು ತರಬೇಡಿ.”

“ಅರ್ಧ ಇನ್ನೂ ಹಾಗೇ ಇದೆಯಲ್ಲೇ.”

“ಇರಲಿ.”

ಆಮೇಲಿನ ದಿನಗಳು ಸುಲಭವಾಗಿರಲಿಲ್ಲ. ಗಾಯಕ್ಕೆ ನಾಲ್ಕು ತೊಟ್ಟು ಎದೆಹಾಲನ್ನೇ ಹಿಂಡಿ ಸವರಿ ಆರಲು ಬಿಡಿ ಎಂದು ಸಿಸ್ಟರ್ ಹೇಳಿದ್ದರು. ಮೊದಲು ಅದನ್ನು ಕೇಳಿಸಿಕೊಂಡಿರಲೇ ಇಲ್ಲ ಅವಳು. ಈಗ ಸವರಿದಳು, ಮುಖ ಸಿಂಡರಿಸಿಕೊಂಡು, ಕಣ್ಣನ್ನು ಕಿಟಕಿಯ ಕಡೆ ಇಟ್ಟುಕೊಂಡು. ಅಂಗಿ ಬಿಚ್ಚಿಟ್ಟು ಗಾಳಿಗೆ ಕೂರುವಾಗ ತಾನು ಅಂಗಡಿಯ ಮುಂದೆ ನೇತುಹಾಕಿದ ಮಾಂಸದ ಹಾಗೆ ಕಾಣುತ್ತೇನೆ ಅನ್ನಿಸುತ್ತಿತ್ತು. ಒಮ್ಮೆ ಎಡಗಡೆ ಹಾಲು ಕಟ್ಟಿಕೊಂಡು, ಕಲ್ಲಿನಂಥ ಗಂಟಾಗಿ, ಮೈ ಬಿಸಿಯಾಯಿತು. ಅತ್ತೆ ಬೆಚ್ಚನೆಯ ಬಟ್ಟೆ ಇಟ್ಟು, ಅದೇ ಹೆಬ್ಬೆರಳಿನಿಂದ ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಒತ್ತಿಕೊಟ್ಟರು. ಅವರ ಉಗುರಿನ ಸಂದಿಯ ಮಣ್ಣು ಅವಳಿಗೆ ಕಾಣುತ್ತಿತ್ತು. ಕೈ ತೆಗೆಯಿರಿ ಎನ್ನಲಿಲ್ಲ. ಗಂಟು ಕರಗುವ ಹೊತ್ತಿಗೆ ಇಬ್ಬರ ಮಡಿಲೂ ತೋಯ್ದಿತ್ತು.

“ನಾತ ಬರ್ತಿದೆ ಕಣಮ್ಮ ನಿನ್ನ ಹತ್ರ. ಶುದ್ಧಮ್ಮ ಅಂತಿದ್ರಂತಲ್ಲ ಅಲ್ಲಿ. ಈಗ ಬಂದು ನೋಡಬೇಕು ಅವರು.”

“ನೋಡಲಿ ಬಿಡಿ.”

“ನಾನೂ ಹೀಗೇ ನಾರ್ತಿದ್ದೆ. ಮೂಲಂಗಿ ಮಧ್ಯೆ ಕೂತು ಕುಡಿಸ್ತಿದ್ದೆ ಇವನಿಗೆ. ಯಾವ ನಾತ ಯಾರದು ಅಂತ ಯಾರಿಗೂ ಗೊತ್ತಾಗ್ತಿರಲಿಲ್ಲ.”

ಗಂಡನ ವಿಷಯಕ್ಕೆ ಮಾತ್ರ ಅವಳಿಗೆ ನಾಚಿಕೆ ಉಳಿದುಕೊಂಡಿತ್ತು. ಅವನು ಕೆಲಸದಿಂದ ಬಿಸಿ ಹತ್ತಿಯ ವಾಸನೆ ಹೊತ್ತು ಬಂದು ಪಕ್ಕದಲ್ಲಿ ಕೂತರೆ ಅವಳು ಸರಿದು ಕೂರುತ್ತಿದ್ದಳು. “ಮನೇಲಿ ಮೊಸರಿನ ಅಂಗಡಿ ಇಟ್ಟ ಹಾಗಿದೆ,” ಎಂದು ಅವನು ಒಮ್ಮೆ ನಗಿಸಲು ಹೋದ. ಅವಳು ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವನೇ ಎದ್ದು ಹೋಗಿ ಮಗುವಿನ ಬಟ್ಟೆಗಳನ್ನು ನೆನೆಹಾಕಿದ. ಬಿಸಿನೀರಿನಲ್ಲಿ ಹಾಕಿದ್ದ. ಅವಳು ಕಂಡರೂ ಸುಮ್ಮನಿದ್ದಳು.

ಮಗುವಿನ ಹಸಿವು ತೀರುತ್ತಿದೆ ಎಂದು ಅನ್ನಿಸುತ್ತಿತ್ತು, ಖಾತ್ರಿಯಿರಲಿಲ್ಲ. ಕೆಲವು ದಿನ ಮಗು ಇಡೀ ಹೊತ್ತು ಎದೆಗೆ ಅಂಟಿಕೊಂಡೇ ಇರುತ್ತಿತ್ತು. ಅತ್ತೆ ಹಲಗೆಯ ಮೇಲಿನ ಡಬ್ಬಿಯ ಕಡೆ ನೋಡುತ್ತಿದ್ದರು. ಆರೋಗ್ಯ ಕೇಂದ್ರಕ್ಕೆ ಹೋಗುವ ದಿನ ಅವಳು ತಿಂಡಿ ತಿನ್ನದೆ ಹೊರಟಳು.

ಕೇಂದ್ರದ ಕೋಣೆಯಲ್ಲಿ ಗೋಡೆಗುಂಟ ಬೆಂಚುಗಳು, ಬೆಂಚಿನ ತುಂಬ ತಾಯಂದಿರು. ಒಳಗೆ ಕಾಲಿಟ್ಟೊಡನೆ ಗಾಳಿ ಅವಳ ಮುಖಕ್ಕೆ ಹೊಡೆಯಿತು. ಒದ್ದೆ ಬಟ್ಟೆ, ಮಕ್ಕಳ ಮಲ, ಫಿನೈಲು, ಹುಳಿ ಹಾಲು. ಎಲ್ಲ ಬೇರೆ ಬೇರೆಯಾಗಿ ಗೊತ್ತಾಗುತ್ತಿತ್ತು. ಅದರಲ್ಲಿ ತನ್ನದು ಯಾವುದು ಎನ್ನುವುದು ಮಾತ್ರ ಬಿಡಿಸಿ ಹೇಳಲು ಬರಲಿಲ್ಲ. ಸರದಿ ಬಂದಾಗ ಮಗುವನ್ನು ಬಿಚ್ಚಿ ತಟ್ಟೆಯಲ್ಲಿ ಮಲಗಿಸಿದಳು. ತಣ್ಣನೆ ತಗಡು ತಾಗಿ ಮಗು ಕಿರುಚಿತು. ಮುಳ್ಳು ಕುಣಿಯಿತು. ಸಿಸ್ಟರ್ ಮಗುವಿನ ಹೊಟ್ಟೆಯ ಮೇಲೆ ಕೈ ಹಿಡಿದು, ಮುಟ್ಟದೆ, ಕಾದರು. ಅತ್ತೆ ಹಿಂದಿನಿಂದ ಕತ್ತು ಚಾಚಿದರು, ತಕ್ಕಡಿಯನ್ನು ಅವರು ಬೇರೆ ಯಾರನ್ನೂ ನಂಬಿ ಬಿಡುವವರಲ್ಲ.

“ಏರಿದೆ,” ಎಂದರು ಸಿಸ್ಟರ್. ಮತ್ತೊಮ್ಮೆ ನೋಡಿದರು. “ಚೆನ್ನಾಗೇ ಏರಿದೆ. ಡಬ್ಬಿ ಬೇಡ. ಏನು ಮಾಡಿದ್ರಿ?”

“ಏನೂ ಮಾಡಲಿಲ್ಲ, ಸಿಸ್ಟರ್. ಮಾಡ್ತಿದ್ದದ್ದನ್ನ ಬಿಟ್ಟೆ.”

ಸಿಸ್ಟರ್‌ಗೆ ಅರ್ಥವಾಗಲಿಲ್ಲ. ಮುಂದಿನವರನ್ನು ಕರೆದರು.

ಮಗುವಿನ ಕಿರುಚಾಟ ನಿಂತಿರಲಿಲ್ಲ. ಅದನ್ನು ಕೇಳಿ ಅವಳ ಎದೆಯಲ್ಲಿ ಹಾಲು ತಾನಾಗಿಯೇ ಇಳಿದು, ಅಂಗಿಯ ಮೇಲೆ ಎರಡು ಒದ್ದೆ ಮಚ್ಚೆ ಮೂಡಿ ಹರಡತೊಡಗಿದವು. ಇಷ್ಟು ಜನರ ಎದುರು. ಅತ್ತೆ ತಮ್ಮ ಮೇಲುಹೊದಿಕೆ ತೆಗೆದು ಚಾಚಿದರು. ಅವಳು ಅದನ್ನು ತೆಗೆದುಕೊಂಡು ಮಡಿಲ ಮೇಲೆ ಹಾಸಿಕೊಂಡು, ಬೆಂಚಿನಲ್ಲಿ ಜಾಗ ಮಾಡಿಸಿಕೊಂಡು ಕೂತು, ಗುಂಡಿ ಬಿಚ್ಚಿದಳು. ಮಗು ಒಂದೇ ಸಲಕ್ಕೆ ಹಿಡಿಯಿತು. ಗಾಯ ಇನ್ನೂ ಚುರ್ರೆಂದಿತು, ಮೊದಲಿನಷ್ಟಲ್ಲ.

ಪಕ್ಕದಲ್ಲಿ ಒಬ್ಬಳು ಹೊಸ ತಾಯಿ ಕೂತಿದ್ದಳು. ಅವಳ ಕೂಸು ಅಳುತ್ತಿತ್ತು, ಅವಳ ಕಣ್ಣೂ ಕೆಂಪಾಗಿತ್ತು. ತನ್ನ ತೋಯ್ದ ಅಂಗಿಯನ್ನು ಎರಡು ಬೆರಳಲ್ಲಿ ಮೈಯಿಂದ ದೂರ ಹಿಡಿದಿದ್ದಳು. “ಅಕ್ಕ, ಈ ಹೇಸಿಗೆ ಯಾವಾಗ ಹೋಗುತ್ತೆ?” ಎಂದು ಮೆಲ್ಲಗೆ ಕೇಳಿದಳು.

“ನಂಗಿನ್ನೂ ಹೋಗಿಲ್ಲಮ್ಮ.”

“ಮತ್ತೆ?”

“ಕೂಸಿಗೇನು ಗೊತ್ತು. ಅದು ಕುಡಿಯುತ್ತೆ.”

ಹೊಸ ತಾಯಿ ತನ್ನ ಕೂಸನ್ನು ನೋಡಿಕೊಂಡಳು. ಅಷ್ಟರಲ್ಲಿ ಈ ಮಗು ಬಾಯಿ ಬಿಟ್ಟು, ಬೆಚ್ಚನೆಯ ಒಡೆದ ಹಾಲನ್ನು ಅವಳ ಹೊಟ್ಟೆಯ ಮೇಲಿಂದ ಸೊಂಟದವರೆಗೆ ಕಕ್ಕಿತು. ಅದು ಇಳಿದು ಹೋಗುವ ದಾರಿಯೆಲ್ಲ ಅವಳಿಗೆ ಗೊತ್ತಾಯಿತು. ಅವಳು ಸ್ವಲ್ಪ ಹೊತ್ತು ಬಾಯಿಂದ ಉಸಿರಾಡಿದಳು. ಆಮೇಲೆ ಮಗುವಿನ ಗಲ್ಲ ಒರೆಸಿ, ಅದನ್ನು ಇನ್ನೊಂದು ಎದೆಗೆ ಹಾಕಿಕೊಂಡಳು.